ನಮ್ಮ ದೀಪ, ಎದುರಿನವರ ಕಣ್ಣು

ಮುಂಬೈಯ ಕನ್ನಡ ಸಂಘಗಳ ಕಾರ್ಯಕ್ರಮದಲ್ಲಿ ಡಾಕ್ಟರು ಸಿಕ್ಕರೆ ಜನ ಮೊಣಕಾಲು ನೋವಿನ ವಿಷಯ ತೆಗೆಯುತ್ತಾರೆ. ಬ್ಯಾಂಕಿನವರು ಸಿಕ್ಕರೆ ಬಡ್ಡಿ ದರ. ನಾನು ವಾಹನಗಳ ದೀಪ ವಿನ್ಯಾಸ ಮಾಡುವವನು ಎಂದು ಗೊತ್ತಾದ ಮೇಲೆ ನನ್ನ ಪಾಲಿಗೆ ಬರುವುದು ಒಂದೇ ಪ್ರಶ್ನೆ: "ಚೌತಿಗೆ ಗಾಡಿಯಲ್ಲೇ ಊರಿಗೆ ಹೋಗ್ಲಿಕ್ಕುಂಟು ಮಾರಾಯ್ರೆ. ಈ ಹೆಡ್‌ಲೈಟ್ ಏನೇನೂ ಸಾಲುವುದಿಲ್ಲ. ಎಲ್‌ಇಡಿ ಹಾಕಿಸುವುದಾ?" ಅದೇ ಮನುಷ್ಯ ಕಾಫಿ ಕುಡಿಯುವ ಹೊತ್ತಿಗೆ ಇನ್ನೊಂದು ದೂರು ಹೇಳುತ್ತಾರೆ: "ಎದುರಿನಿಂದ ಬರುವವರ ಲೈಟಿಗೆ ಕಣ್ಣೇ ಬಿಡ್ಲಿಕ್ಕಾಗುವುದಿಲ್ಲ. ಎಲ್ಲರೂ ಎಲ್‌ಇಡಿ ಹಾಕಿಸಿಕೊಂಡಿದ್ದಾರೆ."

ಎರಡು ದೂರುಗಳೂ ಹುಟ್ಟುವುದು ಒಂದೇ ಕಡೆ. ನನ್ನ ಕಸುಬಿನ ಬಹುಪಾಲು ಇವೆರಡರ ನಡುವಿನ ಪಂಚಾಯಿತಿಕೆ.

ಮುಂಬೈಯೊಳಗೆ ಈ ಪಂಚಾಯಿತಿಕೆ ಸುಲಭ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ, ಬಾಂದ್ರಾ–ವರ್ಲಿ ಸೀ ಲಿಂಕ್‌ನಲ್ಲಿ, ಈಸ್ಟರ್ನ್ ಫ್ರೀವೇಯಲ್ಲಿ ಬೀದಿದೀಪಗಳೇ ರಸ್ತೆಯನ್ನು ತೋರಿಸುತ್ತವೆ. ನಮ್ಮ ಹೆಡ್‌ಲೈಟಿನ ಮುಖ್ಯ ಕೆಲಸ ನಾವಿದ್ದೇವೆ ಎಂದು ಇತರರಿಗೆ ತಿಳಿಸುವುದು. ಆದರೆ ಪನ್ವೇಲ್ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪೇಣ್, ಮಹಾಡ್ ಕಡೆಗೆ ಹೊರಟರೆ ಕತೆ ಬೇರೆ. ಕಶೇಡಿ ಘಾಟಿ, ಚಿಪ್ಳೂಣದ ಹತ್ತಿರದ ಪರಶುರಾಮ ಘಾಟಿ, ವರ್ಷಗಟ್ಟಲೆ ನಡೆಯುತ್ತಲೇ ಇರುವ ಚತುಷ್ಪಥ ಕಾಮಗಾರಿಯ ಅಡ್ಡದಾರಿಗಳು, ಹಿಂದಿನ ದೀಪವಿಲ್ಲದ ಟ್ರಾಕ್ಟರು, ರಸ್ತೆಯಂಚಿನಲ್ಲಿ ಕಪ್ಪು ಕಂಬಳಿ ಹೊದ್ದು ನಡೆಯುವ ಮನುಷ್ಯ. ಅಲ್ಲಿ ನಮಗಿರುವುದು ಗಾಡಿಯ ದೀಪ ಮಾತ್ರ.

ಆ ಮನುಷ್ಯ ನಮಗೆ ಎಷ್ಟು ದೂರದಿಂದ ಕಾಣಬೇಕು? ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬರಲು ಒಂದೂವರೆ ಸೆಕೆಂಡ್ ಎಂದಿಟ್ಟುಕೊಳ್ಳಿ, ಅಷ್ಟರಲ್ಲಿ 25 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ 23 ಮೀಟರ್. ಒಟ್ಟು 48. ವೇಗ 80 ಆದರೆ ಇದೇ ಲೆಕ್ಕ ಸುಮಾರು 74 ಮೀಟರಿಗೆ ಹೋಗುತ್ತದೆ. ಈಗ ದೀಪದ ಕಡೆ ನೋಡಿ. ಸಾಮಾನ್ಯ ಕಾರಿನ ದೀಪ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದ್ದು, ಲೋ ಬೀಮ್ ನೂರಕ್ಕೆ ಒಂದರಂತೆ ಕೆಳಕ್ಕೆ ಬಾಗಿದ್ದರೆ, ಬೆಳಕಿನ ಮೇಲಂಚು 65 ಮೀಟರ್ ದೂರದಲ್ಲಿ ರಸ್ತೆಯನ್ನು ಮುಟ್ಟುತ್ತದೆ. ಅಂದರೆ 60ರ ವೇಗಕ್ಕೆ ಲೋ ಬೀಮ್ ಸಾಕು, 80ಕ್ಕೆ ಸಾಲದು. "ಲೈಟ್ ಸಾಲುವುದಿಲ್ಲ" ಎನ್ನುವವರ ದೂರು ಸುಳ್ಳಲ್ಲ. ಆದರೆ ಅವರು ಬಲ್ಬಿನ ಮೇಲೆ ಹಾಕುವ ತಪ್ಪಿನಲ್ಲಿ ಅರ್ಧ ಪಾಲು ಸ್ಪೀಡೋಮೀಟರಿನದು.

ಹಾಗಾದರೆ ಆ ಮೇಲಂಚನ್ನು ಸ್ವಲ್ಪ ಎತ್ತಿಬಿಟ್ಟರೆ? ಅಲ್ಲೇ ಎದುರಿನವರ ಕಣ್ಣಿದೆ. ಗೋಡೆಯ ಮೇಲೆ ಲೋ ಬೀಮ್ ಬಿಟ್ಟು ನೋಡಿದರೆ ಸ್ಪಷ್ಟವಾದ ಒಂದು ಗೆರೆ ಕಾಣುತ್ತದೆ: ಕೆಳಗೆ ಬೆಳಕು, ಮೇಲೆ ಕತ್ತಲು. ನಾವು ರಸ್ತೆಯ ಎಡಬದಿಯಲ್ಲಿ ಓಡಿಸುವವರಾದ್ದರಿಂದ ಗೆರೆಯ ಬಲಭಾಗ ಮಟ್ಟವಾಗಿರುತ್ತದೆ, ಎಡಭಾಗ ಸುಮಾರು 15 ಡಿಗ್ರಿಯಷ್ಟು ಮೇಲಕ್ಕೇರುತ್ತದೆ. ಎದುರು ಬರುವವರು ಬಲಕ್ಕೆ, ನಡೆದು ಹೋಗುವವರು ಮತ್ತು ಮೈಲಿಗಲ್ಲು ಎಡಕ್ಕೆ. ಹೀಗೆ ಎರಡೂ ಕಡೆಗೆ ಬೇರೆ ಬೇರೆ ಬೆಳಕು ಕೊಡುವ ಪದ್ಧತಿ ಯುರೋಪಿನಲ್ಲಿ 1957ರಲ್ಲಿ ಬಂತು. ನಮ್ಮ ದೇಶದ ಮಾನದಂಡಗಳೂ ಅದೇ ಜಾಡಿನವು.

ಈ ಗೆರೆಯ ಹಿಂದಿನ ಬಿಗಿ ಎಷ್ಟೆಂದು ಹೇಳುತ್ತೇನೆ. ಪರೀಕ್ಷೆಯ ಕತ್ತಲ ಕೋಣೆಯಲ್ಲಿ 25 ಮೀಟರ್ ದೂರಕ್ಕೆ ಪರದೆ ಇರುತ್ತದೆ. ಅದರ ಮೇಲೆ ಒಂದು ಬಿಂದು, 50 ಮೀಟರ್ ದೂರದಲ್ಲಿ ಎದುರು ಬರುತ್ತಿರುವ ಚಾಲಕನ ಕಣ್ಣಿಗೆ ಸಮ. ಇನ್ನೊಂದು ಬಿಂದು, ನಮ್ಮ ಬದಿಯ ರಸ್ತೆಯಂಚಿನಲ್ಲಿ 75 ಮೀಟರ್ ಮುಂದಿನ ಜಾಗಕ್ಕೆ ಸಮ. ಹ್ಯಾಲೊಜೆನ್ ಕಾಲದ ಯುರೋಪಿನ ನಿಯಮದಲ್ಲಿ ಮೊದಲನೆಯದಕ್ಕೆ 0.4 ಲಕ್ಸ್ ಮೀರಬಾರದು, ಎರಡನೆಯದಕ್ಕೆ 12 ಲಕ್ಸ್‌ಗಿಂತ ಕಡಿಮೆಯಾಗಬಾರದು. ಮೂವತ್ತು ಪಟ್ಟು ವ್ಯತ್ಯಾಸ. ಪರದೆಯ ಮೇಲೆ ಈ ಎರಡು ಬಿಂದುಗಳ ನಡುವೆ ಅಡ್ಡಕ್ಕೆ ಎರಡು ಮೀಟರ್, ಉದ್ದಕ್ಕೆ ಬರೀ ಅರ್ಧ ಮೀಟರ್! ಹಾಗೆಂದು ಮೇಲೆ ಪೂರ್ತಿ ಕತ್ತಲು ಮಾಡುವಂತೆಯೂ ಇಲ್ಲ. ತಲೆಯ ಮೇಲಿನ ಹೆದ್ದಾರಿ ಫಲಕಗಳ ಮೇಲೆ ಒಂದಿಷ್ಟು ಬೆಳಕು ಬೀಳದಿದ್ದರೆ ಯಾವ ಊರಿಗೆ ಯಾವ ಕಡೆ ತಿರುಗಬೇಕೆಂದು ಓದಲಾಗುವುದಿಲ್ಲ.

ಇಷ್ಟು ನಾಜೂಕಿನ ಗೆರೆಯನ್ನು ಕೆಡಿಸಲು ಬಲ್ಬೇ ಬದಲಿಸಬೇಕಾಗಿಲ್ಲ, ಡಿಕ್ಕಿ ತುಂಬಿಸಿದರೆ ಸಾಕು. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಎರಡೂವರೆ ಮೀಟರ್ ಅಂತರವಿರುವ ಕಾರಿನ ಹಿಂಭಾಗ ಎರಡೂವರೆ ಸೆಂ.ಮೀ. ಕುಸಿದರೆ ದೀಪ ನೂರಕ್ಕೆ ಒಂದರಷ್ಟು ಮೇಲೆ ನೋಡುತ್ತದೆ. ಊರಿನಿಂದ ಮುಂಬೈಗೆ ಮರಳುವಾಗ ಹಿಂದೆ ಮೂವರು, ಡಿಕ್ಕಿಯಲ್ಲಿ ಕುಚ್ಚಲಕ್ಕಿ ಚೀಲ, ತೆಂಗಿನಕಾಯಿ, ಅಮ್ಮ ಕಟ್ಟಿಕೊಟ್ಟ ಹಲಸಿನ ಹಪ್ಪಳ, ಉಪ್ಪಿನಕಾಯಿ ಭರಣಿ. ಹಿಂಭಾಗ ಐದು ಸೆಂ.ಮೀ. ಕುಸಿಯಿತು ಎನ್ನಿ. ಕೆಳಕ್ಕೆ ಒಂದರಷ್ಟು ಬಾಗಿದ್ದ ದೀಪ ಈಗ ಮೇಲಕ್ಕೆ ಒಂದರಷ್ಟು ಎದ್ದಿದೆ. 50 ಮೀಟರ್ ದೂರದಲ್ಲಿ ಗೆರೆ ನೆಲದಿಂದ 115 ಸೆಂ.ಮೀ. ಎತ್ತರಕ್ಕೆ ಹೋಯಿತು. ಸಣ್ಣ ಕಾರಿನ ಚಾಲಕನ ಕಣ್ಣು ಇರುವುದು ಹೆಚ್ಚು ಕಡಿಮೆ ಅಲ್ಲೇ. ನಾವು ಲೋ ಬೀಮಿನಲ್ಲೇ ಇದ್ದೇವೆ, ಆದರೂ ಎದುರಿನವರು ಪಟಪಟನೆ ಲೈಟ್ ಹೊಡೆದು ಬೈಯುತ್ತಾರೆ. ಅದಕ್ಕೆ ಉತ್ತರವಾಗಿ ನಾವು ಹೈ ಬೀಮ್ ಹಾಕಿ ತೋರಿಸುತ್ತೇವೆ.

ಸ್ಟಿಯರಿಂಗಿನ ಬಲಗಡೆ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ 0, 1, 2, 3 ಎಂದು ಬರೆದ ಸಣ್ಣ ಚಕ್ರವೊಂದು ಅನೇಕ ಕಾರುಗಳಲ್ಲಿದೆ. ಅದಿರುವುದು ಇದಕ್ಕೇ. ಒಬ್ಬರೇ ಇದ್ದಾಗ ಸೊನ್ನೆ, ಹೇರು ಹೆಚ್ಚಿದಂತೆ ಸಂಖ್ಯೆ ಹೆಚ್ಚಬೇಕು, ದೀಪ ತಗ್ಗುತ್ತದೆ. ಅದು ಏಸಿಗೆ ಸಂಬಂಧಪಟ್ಟದ್ದು ಎಂದು ತಿಳಿದಿದ್ದವರನ್ನೂ ನೋಡಿದ್ದೇನೆ.

ಇನ್ನು ಎಲ್‌ಇಡಿ. ಕಂಪನಿಯಲ್ಲೇ ಎಲ್‌ಇಡಿಗೆಂದು ವಿನ್ಯಾಸ ಮಾಡಿದ ದೀಪದ ಬಗ್ಗೆ ನನ್ನ ತಕರಾರಿಲ್ಲ, ಅದರ ಗೆರೆ ಹ್ಯಾಲೊಜೆನ್‌ಗಿಂತಲೂ ಚೊಕ್ಕವಾಗಿರಬಲ್ಲದು. ತಕರಾರು ಇರುವುದು ಕುರ್ಲಾದ ಸಿಎಸ್‌ಟಿ ರಸ್ತೆಯಂಥ ಕಡೆ ಸಿಗುವ, ಹಳೆಯ ಬಲ್ಬ್ ಕಿತ್ತು ಅದೇ ಗೂಡಿಗೆ ತುರುಕುವ ಎಲ್‌ಇಡಿ ಕಿಟ್ಟಿನ ಬಗ್ಗೆ. ಹ್ಯಾಲೊಜೆನ್ ಬಲ್ಬಿನ ತಂತಿ ಕೆಲವೇ ಮಿಲಿಮೀಟರ್ ಉದ್ದದ ಎಳೆ. ಆ ಎಳೆ ಎಲ್ಲಿರುತ್ತದೆಂದು ಲೆಕ್ಕ ಹಾಕಿಯೇ ಹಿಂದಿನ ಕನ್ನಡಿಯಂಥ ರಿಫ್ಲೆಕ್ಟರನ್ನು ರೂಪಿಸಿರುತ್ತಾರೆ. ಕಿಟ್ಟಿನಲ್ಲಿ ಬೆಳಕು ಹುಟ್ಟುವುದು ಒಂದು ಪಟ್ಟಿಯ ಎರಡು ಮೈಗಳಲ್ಲಿ ಅಂಟಿಸಿದ ಚಿಪ್ಪುಗಳಿಂದ. ಜಾಗವೂ ಬೇರೆ, ಆಕಾರವೂ ಬೇರೆ. ರಿಫ್ಲೆಕ್ಟರ್ ಪಾಪ, ತನಗೆ ಕಲಿಸಿದಂತೆಯೇ ತಿರುಗಿಸುತ್ತದೆ, ಬೆಳಕು ಗೆರೆಯ ಮೇಲೆಲ್ಲ ಚೆಲ್ಲುತ್ತದೆ. ಹಾಕಿಸಿಕೊಂಡವರಿಗೆ ಮಾತ್ರ ಭಾರೀ ಖುಷಿ, ಬಾನೆಟ್ಟಿನ ಮುಂದಿನ ಹತ್ತು ಮೀಟರ್ ಹಾಲು ಚೆಲ್ಲಿದಂತೆ ಬೆಳ್ಳಗಿರುತ್ತದೆ. ಕಣ್ಣು ಆ ಬಿಳುಪಿಗೇ ಹೊಂದಿಕೊಂಡುಬಿಡುತ್ತದೆ, 60 ಮೀಟರ್ ಆಚೆಯ ಕಂಬಳಿ ಹೊದ್ದವನು ಮೊದಲಿಗಿಂತ ಮಸುಕಾಗುತ್ತಾನೆ. ಹಣ ಕೊಟ್ಟು ಕುರುಡು ಕೊಂಡಂತೆ.

ತಲೆಮಾರಿನ ಹಿಂದೆ ಉಪಾಯ ಬೇರೆಯೇ ಇತ್ತು. ಲಾರಿ, ಬಸ್ಸು, ಅಂಬಾಸಿಡರ್‌ಗಳ ಹೆಡ್‌ಲೈಟಿನ ಮೇಲರ್ಧಕ್ಕೆ ಕಪ್ಪು ಬಣ್ಣ ಬಳಿದಿದ್ದು ಹಿರಿಯರಿಗೆ ನೆನಪಿರಬಹುದು. 1971ರ ಯುದ್ಧದ ಬ್ಲ್ಯಾಕ್‌ಔಟ್ ದಿನಗಳಲ್ಲಿ ಮುಂಬೈಯ ಗಾಡಿಗಳೂ ಹಾಗೆ ಬಳಿದುಕೊಂಡಿದ್ದವು. ಯುದ್ಧಕ್ಕೆ ಅದು ಸರಿ. ಹೆದ್ದಾರಿಗೆ ಸರಿಯಲ್ಲ, ಏಕೆಂದರೆ ಎರಡು ತಂತಿಯ ಬಲ್ಬಿನಲ್ಲಿ ಲೋ ಬೀಮಿನ ತಂತಿಯ ಕೆಳಗೆ ಪುಟ್ಟ ಲೋಹದ ಬಟ್ಟಲಿರುತ್ತದೆ. ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಹೋಗಿ ಅಲ್ಲಿಂದ ಕೆಳಕ್ಕೆ ರಸ್ತೆಗೆ ಬೀಳುತ್ತದೆ. ಕಪ್ಪು ಬಣ್ಣ ಮುಚ್ಚುತ್ತಿದ್ದದ್ದು ರಸ್ತೆಗೆ ಬೀಳಬೇಕಾದ ಬೆಳಕನ್ನೇ.

ಮುಂಬೈ ಮಳೆ ಈ ಎಲ್ಲ ಲೆಕ್ಕವನ್ನೂ ಕಲಸಿಬಿಡುತ್ತದೆ. ಒಣ ಡಾಂಬರು ಬೆಳಕನ್ನು ಚದುರಿಸಿ ಒಂದಿಷ್ಟನ್ನು ನಮಗೆ ವಾಪಸು ಕಳಿಸುತ್ತದೆ. ಒದ್ದೆ ಡಾಂಬರು ಕನ್ನಡಿ. ನಮ್ಮ ಬೆಳಕು ಮುಂದಕ್ಕೆ ಜಾರಿ ಎದುರಿನವರ ಕಣ್ಣಿಗೆ ಹೋಗುತ್ತದೆ, ಅವರದು ನಮಗೆ ಬರುತ್ತದೆ, ರಸ್ತೆ ಮಾತ್ರ ಕಪ್ಪು. ಗೆರೆ ಬಿದ್ದ ಗಾಜು, ಸವೆದ ವೈಪರ್, ಹಳದಿಗಟ್ಟಿದ ಹೆಡ್‌ಲೈಟಿನ ಪ್ಲಾಸ್ಟಿಕ್ ಎಲ್ಲವೂ ಇದಕ್ಕೆ ಕೈ ಜೋಡಿಸುತ್ತವೆ. ಜುಲೈಯಲ್ಲಿ ಹೊಸ ಬಲ್ಬಿಗಿಂತ ಹೊಸ ವೈಪರ್ ಹೆಚ್ಚು ತೋರಿಸುತ್ತದೆ. ಫ್ಲೈಓವರ್ ಏರುವಾಗ ಎಂಥ ಸಾಚಾ ದೀಪವೂ ಆಚೆ ಬದಿಯವರ ಮುಖಕ್ಕೆ ಹೊಡೆಯುತ್ತದೆ, ಅದಕ್ಕೆ ದೀಪದವರು ಏನೂ ಮಾಡಲಾರರು. ರಸ್ತೆಯವರು ಮಾಡಬಹುದು: ಹೆದ್ದಾರಿ ಮಧ್ಯದ ಕಣಗಿಲೆ, ಕಾಗದದ ಹೂವಿನ ಸಾಲು ಅಂದಕ್ಕೆ ಮಾತ್ರ ಇರುವುದಲ್ಲ.

ವಯಸ್ಸಿನ ಮಾತು ಬೇರೆ. ಅರವತ್ತು ದಾಟಿದವರ ಕಣ್ಣಿನ ಒಳಪರದೆಗೆ ತಲುಪುವ ಬೆಳಕು ಇಪ್ಪತ್ತರವರಿಗಿಂತ ಮೂರನೇ ಒಂದರಷ್ಟೇ. ಅವರ ಕಣ್ಣಿನ ಮಸೂರ ಬೆಳಕನ್ನು ಹೆಚ್ಚು ಚದುರಿಸುತ್ತದೆ, ಒಮ್ಮೆ ಕುಕ್ಕಿದರೆ ಚೇತರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. 60ರ ವೇಗದಲ್ಲಿ ಎರಡು ಸೆಕೆಂಡ್ ಕಾಣದಿದ್ದರೆ 33 ಮೀಟರ್ ಕುರುಡು ಓಟ. ಡೊಂಬಿವಲಿ, ಭಾಂಡುಪ್‌ಗಳ ನಮ್ಮ ಹಿರಿಯರು ಈಗಲೂ ರಾತ್ರಿಯಿಡೀ ತಾವೇ ಓಡಿಸಿಕೊಂಡು ಕುಂದಾಪುರ ಮುಟ್ಟುತ್ತೇವೆಂದು ಹಟ ಮಾಡುತ್ತಾರೆ. ಅವರಿಗೆ ನಾನು ದೀಪದ ವಿಷಯ ಹೇಳುವುದಿಲ್ಲ, ಬೆಳಗ್ಗೆ ನಾಲ್ಕಕ್ಕೆ ಹೊರಡಿ ಎನ್ನುತ್ತೇನೆ.

ಕಾನೂನು ಇಲ್ಲವೇ ಎಂದರೆ, ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಪಕ್ಕಕ್ಕೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ದೀಪ ಕುಕ್ಕಬಾರದು. ಲೆಕ್ಕ ಹಾಕಿ ನೋಡಿ: 65 ಸೆಂ.ಮೀ. ಎತ್ತರದ ದೀಪದ ಗೆರೆ ಅಲ್ಲಿಗೆ ಮುಟ್ಟಬೇಕಾದರೆ ನೂರಕ್ಕೆ ಹತ್ತಕ್ಕಿಂತಲೂ ಹೆಚ್ಚು ಮೇಲೆ ನೋಡಬೇಕು. ಹೆದ್ದಾರಿಯಲ್ಲಿ ಕಣ್ಣು ಕುಕ್ಕಲು ಒಂದೇ ಸಾಕು. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿಗಳ ವಿರುದ್ಧ ರಾಜ್ಯದಾದ್ಯಂತ ಪ್ರಕರಣ ಹಾಕತೊಡಗಿದಾಗ ಇಲ್ಲಿಂದಲೇ ಚಪ್ಪಾಳೆ ತಟ್ಟಿದೆ. ಆದರೆ ರಸ್ತೆ ಬದಿಯಲ್ಲಿ ನಿಂತು ಕಣ್ಣಳತೆಯಲ್ಲಿ ಹಿಡಿಯುವುದಕ್ಕೂ ಅಳೆದು ಸರಿಪಡಿಸುವುದಕ್ಕೂ ವ್ಯತ್ಯಾಸವಿದೆ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ದೀಪದ ಕೋನವನ್ನೂ ಅಳೆಯುತ್ತಾರೆ. ನಮ್ಮಲ್ಲಿ ಖಾಸಗಿ ಕಾರು ಹೊಗೆ ಪರೀಕ್ಷೆಗೆ ತಪ್ಪದೆ ಹೋಗುತ್ತದೆ, ದೀಪವನ್ನು ಅಲ್ಲಿ ಯಾರೂ ನೋಡುವುದಿಲ್ಲ. ಅದೇ ಶೆಡ್ಡಿನಲ್ಲಿ ಇದಕ್ಕೂ ಜಾಗ ಮಾಡಬಹುದು.

ಕ್ಯಾಮೆರಾ ನೋಡಿ ಎದುರಿನ ಗಾಡಿಯಿರುವಷ್ಟು ಜಾಗವನ್ನು ಮಾತ್ರ ಕತ್ತಲಾಗಿಸುವ ಮ್ಯಾಟ್ರಿಕ್ಸ್ ದೀಪ 2013ರಲ್ಲಿ ಆಡಿ ಎ8 ಕಾರಿನಲ್ಲಿ ಬಂತು. ಅಮೆರಿಕ ಈ ಬಗೆಯ ದೀಪಕ್ಕೆ ಒಪ್ಪಿಗೆ ಕೊಟ್ಟಿದ್ದು 2022ರಲ್ಲಿ. ಅದ್ಭುತವಾದದ್ದೇ. ಆದರೆ ಆ ಕ್ಯಾಮೆರಾ ರಾತ್ರಿ ವಾಹನಗಳನ್ನು ಗುರುತಿಸುವುದು ಮುಖ್ಯವಾಗಿ ಅವುಗಳ ದೀಪಗಳಿಂದ. ದೀಪವೇ ಇಲ್ಲದ ಟ್ರಾಕ್ಟರನ್ನು, ಒಂಟಿಗಣ್ಣಿನ ಲಾರಿಯನ್ನು ಅದು ಏನೆಂದು ತಿಳಿಯಬೇಕು?

ಸದ್ಯಕ್ಕೆ ನೀವೇ ಮಾಡಬಹುದಾದ ಪರೀಕ್ಷೆ ಇದು. ಹತ್ತು ಮೀಟರ್ ಖಾಲಿ ಜಾಗ ಮುಂಬೈಯ ಯಾವ ಸೊಸೈಟಿಯಲ್ಲೂ ಸಿಗಲಿಕ್ಕಿಲ್ಲ, ಐದು ಮೀಟರ್ ಸಾಕು. ಮಟ್ಟಸ ನೆಲದಲ್ಲಿ ಕಾಂಪೌಂಡ್ ಗೋಡೆಗೆ ಮುಖ ಮಾಡಿ ಗಾಡಿ ನಿಲ್ಲಿಸಿ, ಟಯರಿನ ಗಾಳಿ ಸರಿಯಿರಲಿ, ಚಾಲಕರ ಸೀಟಿನಲ್ಲಿ ಒಬ್ಬರು ಕುಳಿತಿರಲಿ, ಚಕ್ರ ಸೊನ್ನೆಯಲ್ಲಿರಲಿ. ದೀಪದ ನಡುಮಟ್ಟದ ಎತ್ತರವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತಿಸಿ. ಲೋ ಬೀಮಿನ ಗೆರೆ ಅದಕ್ಕಿಂತ ಐದು ಸೆಂ.ಮೀ. ಕೆಳಗಿರಬೇಕು. ಮೇಲಿದ್ದರೆ ಗ್ಯಾರೇಜಿನಲ್ಲಿ ಒಂದು ತಿರುಪು ತಿರುಗಿಸಿದರೆ ಸರಿಹೋಗುತ್ತದೆ. ಗೆರೆಯೇ ಕಾಣದೆ ಬೆಳಕು ಮೋಡದಂತೆ ಹರಡಿದ್ದರೆ ಬಲ್ಬ್ ಅಥವಾ ಗಾಜು ಕೆಟ್ಟಿದೆ. ಗೆರೆ ಎಡಕ್ಕೆ ಏರುವ ಬದಲು ಬಲಕ್ಕೆ ಏರುತ್ತಿದ್ದರೆ ಯಾವ ತಿರುಪಿನಿಂದಲೂ ಪ್ರಯೋಜನವಿಲ್ಲ, ಆ ದೀಪ ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶಕ್ಕೆಂದು ಮಾಡಿದ್ದು.