ಉರಿ ಆರಿದ ಮೇಲೆ ಬೇಯಿಸುವ ಭಟ್ಟಿ

ಅಡುಗೆಮನೆಯ ಮಣ್ಣಿನ ಒಲೆಯಲ್ಲಿ ಬೇಯಿಸುವುದು ಉರಿ. ಪಾತ್ರೆಯ ತಳಕ್ಕೆ ಜ್ವಾಲೆ ತಾಗಬೇಕು. ಉರಿ ಆರಿದರೆ ಅಡುಗೆಯೂ ನಿಂತಂತೆ. ಬ್ರೆಡ್ ಬೇಯಿಸುವ ಭಟ್ಟಿಯ ರೀತಿ ಬೇರೆ. ಎರಡು ಮೂರು ಗಂಟೆ ಸೌದೆ ಉರಿಸಿ, ಕೆಂಡವನ್ನೆಲ್ಲ ಹೊರಗೆಳೆದು, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿದ ಬಳಿಕವೇ ನಾದಿದ ಹಿಟ್ಟನ್ನು ಒಳಗಿಟ್ಟು ಬಾಯಿ ಮುಚ್ಚುತ್ತಾರೆ. ಬೇಯಿಸುವ ಕೆಲಸ ಕಾದ ಗೋಡೆಯದು.

ಈ ವಿದ್ಯೆ ಬಹಳ ಹಳೆಯದು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಇಟಲಿಯ ಪಾಂಪೆಯಿ ನಗರವನ್ನು ಅಗೆಯುವಾಗ, 1862ರಲ್ಲಿ ಒಂದು ಭಟ್ಟಿಯೊಳಗೆ 81 ಬ್ರೆಡ್ಡುಗಳು ಕರಕಲಾಗಿ ಸಿಕ್ಕಿದವು. ನೆರೆಯ ಗೋವಾದ ಪೊದೇರರು ಇಂದಿಗೂ ಸೌದೆಯ ಭಟ್ಟಿಯಲ್ಲಿ ಪಾವ್ ಸುಡುತ್ತಾರೆ. ಪಾವ್ ಎಂಬುದು ಪೋರ್ಚುಗೀಸರು ಬಿಟ್ಟುಹೋದ ಮಾತು.

ಹಿತ್ತಿಲಲ್ಲಿ ಇಂಥದೊಂದನ್ನು ಕಟ್ಟಲು ಬೇಕಾದದ್ದು ಜೇಡಿಮಣ್ಣು, ಮರಳು, ಸುಟ್ಟ ಇಟ್ಟಿಗೆ ಮತ್ತು ತಾಳ್ಮೆ. ಸೊಂಟದೆತ್ತರದ ಕಲ್ಲುಕಟ್ಟೆಯ ಮೇಲೆ ಇಟ್ಟಿಗೆಯ ನೆಲ ಹಾಸಿ, ಅದರ ಮೇಲೆ ಒದ್ದೆ ಮರಳನ್ನು ಗುಮ್ಮಟದಂತೆ ಪೇರಿಸಬೇಕು. ಮರಳಿಗೆ ಹಸಿ ಕಾಗದ ಹೊದಿಸಿ, ನಾಲ್ಕು ಅಂಗುಲ ದಪ್ಪಕ್ಕೆ ಮಣ್ಣು ಮೆತ್ತಬೇಕು. ಬರಿಯ ಜೇಡಿ ಒಣಗುವಾಗ ಕುಗ್ಗಿ ಬಿರಿಯುತ್ತದೆ, ಮರಳು ಕುಗ್ಗುವುದಿಲ್ಲ. ಆದ್ದರಿಂದ ಒಂದು ಪಾಲು ಜೇಡಿಗೆ ಎರಡು ಮೂರು ಪಾಲು ಮರಳು ಬೆರೆಸಿ ಕಾಲಿನಿಂದ ತುಳಿಯುತ್ತಾರೆ. ಗೋಡೆ ಗಟ್ಟಿಯಾದ ಮೇಲೆ ಬಾಯಿ ಕೊರೆದು ಒಳಗಿನ ಮರಳನ್ನು ತೆಗೆಯಬೇಕು. ಹೊರಗೆ ಭತ್ತದ ಹುಲ್ಲು ಕಲಸಿದ ಮಣ್ಣಿನ ಇನ್ನೊಂದು ಪದರ ಹಚ್ಚಿದರೆ ಶಾಖ ಬೇಗ ಸೋರದು.

ಬಾಯಿಯ ಎತ್ತರ ಗುಮ್ಮಟದ ಒಳ ಎತ್ತರದ ಶೇ. 63ರಷ್ಟಿರಬೇಕೆಂಬುದು ಕಟ್ಟುವವರ ಲೆಕ್ಕ. ಅದಕ್ಕಿಂತ ಎತ್ತರವಾದರೆ ಶಾಖ ಹೊರಗೋಡುತ್ತದೆ. ತಗ್ಗಾದರೆ ಹೊಗೆ ಹೋಗದೆ, ಗಾಳಿ ಬಾರದೆ ಬೆಂಕಿ ಉಸಿರುಗಟ್ಟುತ್ತದೆ. ಮೊದಮೊದಲು ಸಣ್ಣ ಉರಿ ಹಾಕಿ ಒಣಗಿಸಬೇಕು. ತೇವವಿದ್ದಾಗಲೇ ಜೋರು ಬೆಂಕಿ ಹಾಕಿದರೆ ಒಳಗಿನ ನೀರು ಆವಿಯಾಗಿ ಗೋಡೆ ಸೀಳುತ್ತದೆ. ನಮ್ಮ ಮಳೆಗಾಲಕ್ಕೆ ಮೇಲೊಂದು ಮಾಡು ಇಲ್ಲದಿದ್ದರೆ ಭಟ್ಟಿ ಮತ್ತೆ ಮಣ್ಣಾಗುತ್ತದೆ.

ಆದರೆ ದಪ್ಪ ಗೋಡೆ ಕಾಯಲು ಸೌದೆ ಬಹಳ ಬೇಕು. ಎರಡು ಬ್ರೆಡ್ಡಿಗಾಗಿ ಅಷ್ಟು ಉರಿಸುವುದು ದುಂದು. ಮೊರಾಕ್ಕೊದ ಕೇರಿಗಳಲ್ಲಿ ಮನೆಮನೆಯ ಹಿಟ್ಟು ಒಂದೇ ಭಟ್ಟಿಗೆ ಹೋಗುವುದು, ಪಂಜಾಬಿನ ಹಳ್ಳಿಗಳಲ್ಲಿ ಹೆಂಗಸರೆಲ್ಲ 'ಸಾಂಝಾ ಚುಲ್ಹಾ' ಎಂಬ ಒಂದೇ ತಂದೂರಿನ ಸುತ್ತ ಸೇರುತ್ತಿದ್ದುದು ಈ ಲೆಕ್ಕದಿಂದಲೇ. ಮಧ್ಯಯುಗದ ಫ್ರಾನ್ಸಿನಲ್ಲಿ ಜಮೀನುದಾರರು ಇದನ್ನೇ ಆದಾಯವಾಗಿಸಿಕೊಂಡರು: ರೈತರು ಒಡೆಯನ ಭಟ್ಟಿಯಲ್ಲೇ ಬ್ರೆಡ್ ಸುಟ್ಟು ಸುಂಕ ತೆರಬೇಕಿತ್ತು. ಆ ಕಟ್ಟಳೆ ಅಳಿದದ್ದು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ.

ಹಿತ್ತಿಲ ಭಟ್ಟಿಗೂ ಈ ಮಿತವ್ಯಯ ಸಲ್ಲುತ್ತದೆ. ಕಾವು ಹೆಚ್ಚಿರುವಾಗ ತೆಳುರೊಟ್ಟಿ, ಇಳಿದಂತೆ ಬ್ರೆಡ್, ಬಳಿಕ ಬಿಸ್ಕತ್ತು. ಕೊನೆಯ ಬಿಸಿಗೆ ನಾಳಿನ ಸೌದೆಯನ್ನೇ ಒಣಗಲು ಇಡಬಹುದು. ನೆರೆಮನೆಯವರೂ ಹಿಟ್ಟು ತಂದರೆ ಒಂದು ಹೊರೆ ಸೌದೆ ನಾಲ್ಕು ಮನೆಗೆ ಸಾಲುತ್ತದೆ.