ಕಾಂಕ್ರೀಟಿಗೂ ಕಂಬಳಿ ಬೇಕು

ಕೆನಡಾದ ವಿನ್ನಿಪೆಗ್‌ನಲ್ಲಿ ಮಗಳ ಮನೆಗೆ ಹೋಗಿರುವ ಹಾವೇರಿಯ ಓದುಗರೊಬ್ಬರು ಕೇಳಿದ್ದಾರೆ: ‘ಇಲ್ಲಿ ಸುತ್ತಲೂ ಹಿಮ ಬಿದ್ದಿರುವಾಗಲೇ ಕಾಂಕ್ರೀಟ್ ಹಾಕುತ್ತಿದ್ದಾರೆ. ಬಿಸಿಲೇ ಇಲ್ಲದೆ ಅದು ಒಣಗುವುದು ಹೇಗೆ?’ ಜನವರಿ ರಾತ್ರಿಗಳಲ್ಲಿ ಮೈನಸ್ 20 ಡಿಗ್ರಿಗೆ ಇಳಿಯುವ ಊರದು. ಪ್ರಶ್ನೆ ಸಹಜವೇ.

ಆದರೆ ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ! ಸಿಮೆಂಟು ನೀರಿನೊಡನೆ ರಾಸಾಯನಿಕವಾಗಿ ಕೂಡಿ ಹೊಸ ವಸ್ತುವಾಗುತ್ತದೆ, ಅದು ಜಲ್ಲಿ, ಮರಳನ್ನು ಹಿಡಿದುಕೊಳ್ಳುತ್ತದೆ. ನೀರಿನಡಿಯಲ್ಲಿಟ್ಟರೂ ಗಟ್ಟಿಯಾಗುತ್ತದೆ. ನಮ್ಮ ಬೀದಿಯ ಕಟ್ಟಡವೊಂದಕ್ಕೆ ದೃಷ್ಟಿ ತಾಗದಿರಲೆಂದು ಬೂದುಗುಂಬಳಕಾಯಿ, ರಕ್ಕಸನ ಮುಖ ಎಲ್ಲ ಕಟ್ಟಿದ್ದರು. ಹೊಸ ತಾರಸಿಗೆ ಮಾತ್ರ ‘ಒಣಗಲಿ ಬಿಡಿ’ ಎಂದು ನೀರು ಹಾಯಿಸುವುದನ್ನೇ ನಿಲ್ಲಿಸಿದ್ದರು. ಇಂಥ ತಾರಸಿಗೆ ಬಿರುಕು ತರುವುದು ನೆರೆಯವರ ಕಣ್ಣಲ್ಲ, ನೀರುಣಿಸುವ ಕ್ಯೂರಿಂಗ್ ಇಲ್ಲದಿರುವುದು.

ಸಿಮೆಂಟು ನೀರಿನೊಡನೆ ಕೂಡುವಾಗ ಬಿಸಿ ಹುಟ್ಟುತ್ತದೆ. ಚಳಿನಾಡಿನವರು ಮಾಡುವುದೆಲ್ಲ ಆ ಬಿಸಿಯನ್ನು ಹಿಡಿದಿಡುವ ಕೆಲಸ. ನೀರನ್ನು ಕಾಯಿಸಿ ಬೆರೆಸುತ್ತಾರೆ, ಹೆಪ್ಪುಗಟ್ಟಿದ ನೆಲವನ್ನು ಮೊದಲು ಕರಗಿಸಿಕೊಳ್ಳುತ್ತಾರೆ, ಕಾಂಕ್ರೀಟ್ ಹಾಕಿದ ಮೇಲೆ ದಪ್ಪ ಕಂಬಳಿ ಹೊದಿಸುತ್ತಾರೆ. ಚಳಿಗಾಲದಲ್ಲಿ ಹೆಪ್ಪು ಹಾಕಿದ ಪಾತ್ರೆಗೆ ನಾವು ಬಟ್ಟೆ ಸುತ್ತಿಡುವುದಿಲ್ಲವೇ, ಹಾಗೆ. ಹಾಲಿಗೆ ನಾವು ಕೊಟ್ಟ ಬಿಸಿಯಷ್ಟೇ ಗತಿ. ಕಾಂಕ್ರೀಟು ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತಿರುತ್ತದೆ.

ಇಷ್ಟೆಲ್ಲ ಆರೈಕೆ ಮುಖ್ಯವಾಗಿ ಮೊದಲ ಒಂದೆರಡು ದಿನಗಳಿಗಾಗಿ. ನೀರು ಮಂಜುಗಡ್ಡೆಯಾದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಹಸಿ ಕಾಂಕ್ರೀಟಿನ ಸಂದುಗೊಂದುಗಳಲ್ಲೆಲ್ಲ ನೀರು ತುಂಬಿರುವುದರಿಂದ ಹಿಗ್ಗಲು ಜಾಗವಿಲ್ಲ. ಆಗತಾನೇ ಕೂಡಿಕೊಳ್ಳುತ್ತಿರುವ ಬೆಸುಗೆಯನ್ನು ಮಂಜು ಸೀಳುತ್ತದೆ. ಹಾಗೆ ಹೆಪ್ಪುಗಟ್ಟಿದ ಕಾಂಕ್ರೀಟನ್ನು ಒಡೆದು ನೋಡಿದರೆ ಒಳಗೆ ಮಂಜಿನ ಸೂಜಿಗಳು ಒತ್ತಿದ ಗುರುತು ಕಾಣಿಸುವುದುಂಟು. ಆಮೇಲೆ ಎಷ್ಟು ಆರೈಕೆ ಮಾಡಿದರೂ ಬರಬೇಕಿದ್ದ ಬಲದಲ್ಲಿ ಅರ್ಧದವರೆಗೂ ಕಳೆದುಹೋಗಬಹುದು.

ಆದರೆ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋ ಒತ್ತಡ ತಾಳುವಷ್ಟು ಬಲ ಬಂದುಬಿಟ್ಟರೆ ಒಂದು ಸಲ ಹೆಪ್ಪುಗಟ್ಟಿದರೂ ಅದು ಕೆಡುವುದಿಲ್ಲ. ನಮ್ಮ ಮನೆಗಳ ತಾರಸಿಗೆ ಬೇಕಾದ ಬಲದ ಆರನೇ ಒಂದು ಪಾಲಷ್ಟೇ ಇದು. ಇಷ್ಟು ಸಾಕಾಗುವುದಾದರೂ ಹೇಗೆ? ನನಗೆ ತೀರ ಇಷ್ಟವಾದ ಸಂಗತಿ ಇದೇ. ಅಷ್ಟರಲ್ಲಿ ಸಿಮೆಂಟು ಸಾಕಷ್ಟು ನೀರನ್ನು ಕುಡಿದು ಒಳಗೆಲ್ಲ ಸಣ್ಣ ಸಣ್ಣ ಖಾಲಿ ಜಾಗ ಮಾಡಿಕೊಂಡಿರುತ್ತದೆ. ಉಳಿದ ನೀರು ಮಂಜಾದರೂ ಹಿಗ್ಗಿ ಆ ಜಾಗಕ್ಕೆ ಸೇರಿಕೊಳ್ಳುತ್ತದೆ. ಕಾಂಕ್ರೀಟನ್ನು 10 ಡಿಗ್ರಿಯಲ್ಲಿ ಇಟ್ಟರೆ ಸಾಮಾನ್ಯವಾಗಿ ಎರಡನೇ ದಿನದ ಹೊತ್ತಿಗೆ ಈ ಹಂತ ದಾಟುತ್ತದೆ.

ಕಂಬಳಿ ಸಾಲದಾದಾಗ ಡೇರೆ ಕಟ್ಟಿ ಒಳಗೆ ಹೀಟರ್ ಇಡುತ್ತಾರೆ. ಅದರ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಬಿಡಲೇಬೇಕು. ಇಲ್ಲವಾದರೆ ಹೊಗೆಯಲ್ಲಿನ ಇಂಗಾಲದ ಡೈಆಕ್ಸೈಡ್ ಹಸಿ ಮೇಲ್ಮೈಯ ಸುಣ್ಣದೊಡನೆ ಸೇರುತ್ತದೆ, ನೆಲದ ಮೇಲೆ ಕೈಯಾಡಿಸಿದರೆ ಸೀಮೆಸುಣ್ಣದಂತೆ ಪುಡಿಪುಡಿ ಬರುತ್ತದೆ. ಆ ಡೇರೆಯೊಳಗೆ ದುಡಿಯುವವರ ಉಸಿರಿಗೂ ಹೊಗೆ ಅಪಾಯ. ಬೇಗ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಕ್ಲೋರೈಡ್ ಸುರಿಯುವುದೂ ಒಳ್ಳೆಯದಲ್ಲ. ಕಾಂಕ್ರೀಟ್ ಬೇಗ ಗಟ್ಟಿಯಾಗುವುದೇನೋ ನಿಜ, ಆದರೆ ಒಳಗಿನ ಕಂಬಿಗೆ ತುಕ್ಕು ಹಿಡಿಯುತ್ತದೆ.

ಹಾಗಾದರೆ ಚಳಿಯಲ್ಲಿ ಹಾಕಿದ ಕಾಂಕ್ರೀಟು ದುರ್ಬಲವೇ? ಹೆಪ್ಪುಗಟ್ಟದಂತೆ ಕಾಪಾಡಿದರೆ ಫಲಿತಾಂಶ ತಲೆಕೆಳಗು. ತಂಪಿನಲ್ಲಿ ನಿಧಾನಕ್ಕೆ ಬಲಿತ ಕಾಂಕ್ರೀಟು ಮೊದಲ ದಿನಗಳಲ್ಲಿ ಹಿಂದೆ ಬಿದ್ದರೂ, ತಿಂಗಳುಗಳು ಕಳೆದಂತೆ ಬಿಸಿಯಲ್ಲಿ ಬೇಗ ಬಲಿತದ್ದನ್ನು ಹಿಂದಿಕ್ಕುತ್ತದೆ. ಬಿಸಿ ಹೆಚ್ಚಾದಾಗ ಸಿಮೆಂಟಿನ ಕಣಗಳ ಸುತ್ತ ಅವಸರದಲ್ಲಿ ಗಟ್ಟಿ ಪದರ ಕಟ್ಟಿಕೊಂಡು, ಒಳಕ್ಕೆ ನೀರು ಇಳಿಯುವುದು ಕಷ್ಟವಾಗುತ್ತದೆ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಮೋಲ್ಡ್ ಬೇಗ ಗಟ್ಟಿಯಾಯಿತೆಂದು ಹಿಗ್ಗುವವರು ಇದನ್ನು ಗಮನಿಸಬೇಕು. ಬೇಸಿಗೆಯ ದೊಡ್ಡ ಕಾಮಗಾರಿಗಳಲ್ಲಿ ಎಂಜಿನಿಯರುಗಳು ನೀರಿನ ಒಂದು ಪಾಲಿನ ಬದಲು ಮಂಜುಗಡ್ಡೆಯ ಪುಡಿಯನ್ನೇ ಬೆರೆಸುವುದಕ್ಕೆ ಇದೂ ಒಂದು ಕಾರಣ.