ಜಿಮ್ ಟ್ರೇನರ್‌ಗೆ ಯಾರ ಪರಿಚಯ ಬೇಕು?

ಜಿಮ್‌ಗೆ ಹೊಸದಾಗಿ ಸೇರಿದವರಿಗೆ ತಮ್ಮ ಟ್ರೇನರ್ ಎಷ್ಟು ಬಲ್ಲವನೆಂದು ಅಳೆಯುವ ದಾರಿಯೇ ಇರುವುದಿಲ್ಲ. ಅವನ ತೋಳಿನ ಗಾತ್ರ ಕಣ್ಣಿಗೆ ಬೀಳುತ್ತದೆ. ಮಂಡಿ ನೋವಿರುವವರಿಗೆ ಸ್ಕ್ವಾಟ್ ಹೇಗೆ ಮಾಡಿಸಬೇಕೆಂಬ ತಿಳಿವಳಿಕೆ ಬೀಳುವುದಿಲ್ಲ. ವೈದ್ಯರಿಗೂ ವಕೀಲರಿಗೂ ಇರುವಂಥ ಕಡ್ಡಾಯ ನೋಂದಣಿ ನಮ್ಮ ದೇಶದಲ್ಲಿ ಈ ವೃತ್ತಿಗಿಲ್ಲ. ಎಸಿಇ, ಎಸಿಎಸ್‌ಎಂ ಮುಂತಾದ ಅಮೆರಿಕದ ಸಂಸ್ಥೆಗಳ ಪ್ರಮಾಣಪತ್ರಗಳು ಗೋಡೆಯ ಮೇಲಿದ್ದರೂ ಅವುಗಳ ತೂಕ ಎಷ್ಟು ಗ್ರಾಹಕರಿಗೆ ಗೊತ್ತು? ಕೊನೆಗೆ ನಂಬಿಕೆ ಹುಟ್ಟುವುದು ಬಲ್ಲವರೊಬ್ಬರು ಹೇಳಿದ ಮಾತಿನಿಂದ. ಮೈಸೂರಿನ ಗರಡಿಮನೆಗಳಿಗೆ ಇದು ಹೊಸದೇನಲ್ಲ. ಅಲ್ಲಿ ಪೈಲ್ವಾನನ ಯೋಗ್ಯತೆಗೆ ಉಸ್ತಾದರ ಮಾತೇ ಸಾಕ್ಷಿ. ಇವತ್ತಿನ ಜಿಮ್‌ಗಳಲ್ಲಿ ಆ ಮಾತು ಹೇಳಬಲ್ಲವರು ಜಿಮ್‌ನ ಹೊರಗಿದ್ದಾರೆ: ಫಿಸಿಯೋಥೆರಪಿಸ್ಟ್, ವೈದ್ಯ, ಆಹಾರ ತಜ್ಞ, ಶಾಲೆಯ ಪಿಟಿ ಮೇಷ್ಟ್ರು. ಟ್ರೇನರ್‌ನ ವೃತ್ತಿ ಬೆಳೆಯುವುದು ಜೊತೆಯ ಟ್ರೇನರ್‌ಗಳ ಗೆಳೆತನಕ್ಕಿಂತ ಹೆಚ್ಚಾಗಿ ಇಂಥವರ ಪರಿಚಯದಿಂದ ಎಂಬುದು ನನ್ನ ವಾದ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ಆಧಾರ ಕೊಡುತ್ತದೆ. ಬೋಸ್ಟನ್ ಬಳಿ ಹೊಸ ಕೆಲಸಕ್ಕೆ ಸೇರಿದ್ದವರನ್ನು ಅವರು ವಿಚಾರಿಸಿದಾಗ, ಪರಿಚಿತರ ಮೂಲಕ ಕೆಲಸ ಸಿಕ್ಕವರ ಪೈಕಿ ಆ ಪರಿಚಿತರನ್ನು ಪದೇ ಪದೇ ಭೇಟಿಯಾಗುತ್ತಿದ್ದವರು ಶೇ. 17ರಷ್ಟು ಮಾತ್ರ. ಉಳಿದವರಿಗೆ ಸುದ್ದಿ ತಲುಪಿಸಿದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಸಿಗುವವರು. ಕಾರಣ ಸರಳ: ಆಪ್ತರಿಗೆ ಗೊತ್ತಿರುವುದು ಬಹುಪಾಲು ನಮಗೂ ಗೊತ್ತಿರುತ್ತದೆ. 2022ರಲ್ಲಿ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲಿನ ಪ್ರಯೋಗಗಳು ಇದನ್ನು ಒಪ್ಪಿದರೂ ಎರಡು ತಿದ್ದುಪಡಿ ಸೇರಿಸಿದವು. ತೀರಾ ತೆಳುವಾದ ಪರಿಚಯ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಡಿಜಿಟಲ್ ಬಳಕೆ ಕಡಿಮೆಯಿರುವ ಉದ್ಯಮಗಳಲ್ಲಿ ಗಟ್ಟಿ ನಂಟೇ ಮೇಲು. ಎರಡನೆಯದು ನನ್ನ ವಾದಕ್ಕೆ ಅಡ್ಡ ಬರುವಂತೆ ಕಾಣುತ್ತದೆ. ಮೊದಲ ಕೆಲಸವನ್ನು ಜಿಮ್‌ನ ಗೆಳೆಯನೇ ಕೊಡಿಸಬಹುದು, ನಿಜ. ಆದರೆ ಪರ್ಸನಲ್ ಟ್ರೇನಿಂಗ್‌ಗೆ ಇಳಿದ ಮೇಲೆ ಸಂಪಾದನೆ ನಿಂತಿರುವುದು ಗ್ರಾಹಕರ ಮೇಲೆ, ಆ ಗ್ರಾಹಕರಿಗಾಗಿಯೇ ಪಕ್ಕದಲ್ಲಿ ನಿಂತ ಗೆಳೆಯನೂ ಕಾಯುತ್ತಿರುತ್ತಾನೆ.

ಫಿಸಿಯೋಥೆರಪಿಸ್ಟ್‌ಗೆ ಆ ಪೈಪೋಟಿಯಿಲ್ಲ. ಭುಜದ ಚಿಕಿತ್ಸೆ ಮುಗಿದ ರೋಗಿಗೆ ಮುಂದೆ ಬಲ ತುಂಬುವವರೊಬ್ಬರು ಬೇಕು. ಟ್ರೇನರ್‌ಗೆ, ತನ್ನ ಕೈಮೀರಿದ ನೋವನ್ನು ಕಳಿಸಲು ಒಂದು ವಿಳಾಸ ಬೇಕು. ಈ ಎರಡನೆಯ ಅಗತ್ಯವೇ ದೊಡ್ಡದು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಕರ್ನಾಟಕದಲ್ಲಿ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು, ಜಿಮ್‌ಗಳ ಬಗ್ಗೆ ಭಯವೂ ಹಬ್ಬಿತು. ಭಯ ಅತಿಯಾಗಿತ್ತು ಎನ್ನಬಹುದು. ಆದರೂ ವೈದ್ಯರನ್ನು ಕೇಳಿಯೇ ವ್ಯಾಯಾಮ ಮಾಡಿಸಬೇಕಾದವರು ಕಡಿಮೆಯಿಲ್ಲ: ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ಬೆಂಬಲದ ಅಧ್ಯಯನ 2023ರಲ್ಲಿ ಅಂದಾಜಿಸಿದೆ. ಅಂಥವರು ಜಿಮ್ ಮೆಟ್ಟಿಲು ಹತ್ತಿದಾಗ ವೈದ್ಯರೊಬ್ಬರಿಗೆ ಫೋನ್ ಮಾಡಿ ಕೇಳಬಲ್ಲ ಟ್ರೇನರ್‌ಗೂ, ಕೇಳಲು ಯಾರೂ ಇಲ್ಲದವನಿಗೂ ಅಜಗಜಾಂತರ. ಗ್ರಾಹಕನನ್ನು ಬೇರೆಡೆ ಕಳಿಸಿದರೆ ಒಂದು ತಿಂಗಳ ಫೀಸು ಹೋಗಬಹುದು. ತನ್ನ ಮಿತಿ ಬಲ್ಲವನು ಎಂಬ ಹೆಸರು ಆ ವೈದ್ಯರ ಬಳಿ ಉಳಿಯುತ್ತದೆ.

ಇನ್‌ಸ್ಟಾಗ್ರಾಂ ಇರುವಾಗ ಇದೆಲ್ಲ ಯಾಕೆ ಎನ್ನುವವರಿದ್ದಾರೆ. ರೀಲು ಮುಖ ಪರಿಚಯಿಸುತ್ತದೆ, ಜಾಮೀನು ನಿಲ್ಲುವುದಿಲ್ಲ. ಇದಕ್ಕಿಂತ ಗಂಭೀರವಾದ ಆಕ್ಷೇಪ, ಇದು ವಶೀಲಿಯ ಇನ್ನೊಂದು ರೂಪ ಎಂಬುದು. ಕಮಿಷನ್ನಿಗೆ ಪ್ರೋಟೀನ್ ಡಬ್ಬಿ ಮಾರಿಸುವ, ರೋಗಿಯ ತಲೆಗಿಷ್ಟು ಎಂದು ಹಣ ಹಂಚಿಕೊಳ್ಳುವ ನಂಟುಗಳಿಗೆ ಅದು ಪೂರ್ತಿ ಅನ್ವಯಿಸುತ್ತದೆ. ಹಣ ಕೈ ಬದಲಿಸಿದ ಕ್ಷಣ ಶಿಫಾರಸು ಜಾಹೀರಾತಾಗುತ್ತದೆ. ಇಂಗ್ಲಿಷ್ ಬಾರದ, ಸಣ್ಣ ಊರಿನಿಂದ ಬಂದ ಹುಡುಗನಿಗೆ ಈ ವಲಯಗಳ ಬಾಗಿಲು ತೆರೆಯುವುದಿಲ್ಲ ಎಂಬ ದೂರಿನಲ್ಲೂ ಹುರುಳಿದೆ. ಲಕ್ಷಗಟ್ಟಲೆ ಹಿಂಬಾಲಕರಿರುವವರ ಕಾರ್ಯಾಗಾರಕ್ಕೆ ಸಾಲ ಮಾಡಿ ಹೋಗಿ ಸೆಲ್ಫಿ ತೆಗೆಸಿಕೊಳ್ಳುವುದರಿಂದ ಆ ಬಾಗಿಲು ತೆರೆಯದು. ಅವನ ಬಳಿ ಇರುವುದು ಹೊತ್ತು: ಜಿಮ್‌ಗಳಲ್ಲಿ ಜನ ತುಂಬುವುದು ಬೆಳಿಗ್ಗೆ ಮತ್ತು ಸಂಜೆ, ನಡುಹಗಲು ಬಿಡುವು. ತನ್ನ ಗ್ರಾಹಕರೊಬ್ಬರ ಸೊಂಟ ನೋವಿನ ವಿವರವನ್ನು, ಅವರ ಒಪ್ಪಿಗೆ ಪಡೆದು, ಕನ್ನಡದಲ್ಲೇ ಬರೆದುಕೊಂಡು ಬೀದಿಯಾಚೆಯ ಫಿಸಿಯೋಥೆರಪಿ ಕ್ಲಿನಿಕ್‌ಗೆ ಹೋಗಿ, ಈ ವ್ಯಾಯಾಮ ಮಾಡಿಸಬಹುದೇ ಎಂದು ಕೇಳಲು ಯಾವ ವಶೀಲಿಯೂ ಬೇಕಿಲ್ಲ.